ಕಂಕುಳಡಿಯ ತುಂಡು ಬಟ್ಟೆ

ನನ್ನ ಬಾಲ್ಯದ ಯಾವ ಫೋಟೋದಲ್ಲೂ ನಾನು ಕೈ ಮೇಲೆತ್ತಿ ನಿಂತಿಲ್ಲ. ಎತ್ತಿದರೆ ಕಂಕುಳಡಿಯ ತುಂಡು ಕಾಣುತ್ತಿತ್ತು. ಅಮ್ಮ ನನಗೆ ಹೊಲಿದ ಪ್ರತಿ ಫ್ರಾಕಿಗೂ, ಆಮೇಲಿನ ಪ್ರತಿ ಕುರ್ತಾಕ್ಕೂ ಎರಡು ಕಂಕುಳಡಿಯಲ್ಲೂ ಅಂಗೈಯಗಲದ ಒಂದೊಂದು ತುಂಡನ್ನು ಬೇರೆಯಾಗಿ ಕತ್ತರಿಸಿ ಸೇರಿಸಿರುತ್ತಿದ್ದಳು. ಬಟ್ಟೆ ಅದೇ, ಬಣ್ಣ ಅದೇ, ಆದರೆ ಆ ತುಂಡಿನಲ್ಲಿ ಹೂಗಳು ನೆಟ್ಟಗೆ ನಿಲ್ಲದೆ ಅಡ್ಡ ಮಲಗಿರುತ್ತಿದ್ದವು. ಊರಿಗೆಲ್ಲ ಬ್ಲೌಸು ಹೊಲಿಯುವವಳ ಮಗಳಿಗೆ ಮಾತ್ರ ಬಟ್ಟೆ ಸಾಲುವುದಿಲ್ಲ ಎಂದರೆ ಇದೆಂಥ ನ್ಯಾಯ ಎಂದು ನಾನು ಪ್ರತಿ ಚೌತಿಗೂ ಜಗಳ ತೆಗೆಯುತ್ತಿದ್ದೆ. ಅಮ್ಮ ಹಲ್ಲಿನಲ್ಲಿ ನೂಲು ಕತ್ತರಿಸಿ, ಯಾರು ನಿನ್ನ ಕಂಕುಳು ನೋಡ್ಲಿಕ್ಕೆ ಬರ್ತಾರೆ ಎಂದು ಕೇಳಿ ಮತ್ತೆ ಮೆಷಿನ್ ತುಳಿಯುತ್ತಿದ್ದಳು.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೆಯ ಮಾಳಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಗ್ಯಾಲರಿಯ ಕಿಟಕಿಯ ಬಳಿ ಅಮ್ಮನ ಕಾಲುಮೆಷಿನ್. ಅದನ್ನು ಬಿಟ್ಟು ಉಳಿದ ಜಾಗದಲ್ಲಿ ಅಪ್ಪ, ಅಜ್ಜಿ, ನಾನು ಇದ್ದೆವು ಎನ್ನುವುದೇ ಸರಿ. ಅಪ್ಪ ಕಲ್ಯಾಣದ ಒಂದು ವೆಜ್ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಲ್ಲಿಂದ ತಂದ ಸಾಂಬಾರನ್ನು ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಮೂಸಿ ನೋಡಿ ಗುಜರಾತಿಗಳಿಗೆ ಮಾಡಿದ್ದು ಎಂದು ದೂರ ತಳ್ಳಿ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದಳು. ಆ ಗಂಜಿಯಲ್ಲೂ ಒಮ್ಮೊಮ್ಮೆ ನೂಲು ಸಿಗುತ್ತಿತ್ತು. ಕೆಂಪು ನೂಲು ಸಿಕ್ಕಿದರೆ ಮಾಳವಣ್‌ಕರ್ ಕಾಕುವಿನ ಬ್ಲೌಸು, ಹಸಿರು ಸಿಕ್ಕಿದರೆ ಬ್ಯಾಂಕಿನ ಮೇಡಮ್ಮಿನದು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸು, ಹಳೆ ಸೀರೆಗಳ ಗೋಧಡಿ ಎಂಬ ಕೌದಿ, ಉಳಿದ ಚೂರುಗಳಿಂದ ಕಾಲೊರಸು, ಕಾಲೊರಸಿಗೂ ಆಗದ್ದರಿಂದ ಸೂಜಿ ಚುಚ್ಚಿಡುವ ಪುಟ್ಟ ದಿಂಬು. ನಮ್ಮ ಮನೆಯಿಂದ ಬಟ್ಟೆಯ ಚೂರೊಂದು ಕಸಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಮನೆಯ ಮಾತು ತುಳು. ನಾನು ಏಳನೆಯ ತನಕ ಕನ್ನಡ ಶಾಲೆಯಲ್ಲಿ ಓದಿದವಳಾದ್ದರಿಂದ ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆಗ ನಾನು ಉತ್ತರ ಕೊಡುತ್ತಿದ್ದುದು ಬಹಳ ಸಲ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ.

ನನ್ನ ದೊಡ್ಡ ಸಿಟ್ಟು ರೂಪಾಲಿಯ ಮೇಲೆ. ಕೆಳಗಿನ ಮಾಳಿಗೆಯ ರೂಪಾಲಿ ನನಗಿಂತ ಎರಡು ವರ್ಷ ದೊಡ್ಡವಳು. ಚೌತಿಗೆ ಮುಂಚೆ ಅಮ್ಮ ಬಟ್ಟೆ ತಂದ ದಿನವೇ ಅವಳನ್ನು ಮೇಲೆ ಕರೆದು, ಗೋಡೆಗೆ ನಿಲ್ಲಿಸಿ ಅಳತೆ ತೆಗೆಯುತ್ತಿದ್ದಳು. ಬಟ್ಟೆ ಹಾಸಿ ಮೊದಲು ಕತ್ತರಿಸುತ್ತಿದ್ದುದು ರೂಪಾಲಿಯ ಫ್ರಾಕು. ಅದರಲ್ಲಿ ಉಳಿದದ್ದು ನನಗೆ. ಹಾಗಾಗಿಯೇ ಕಂಕುಳಡಿಯಲ್ಲಿ ಕೊರತೆ ಬೀಳುತ್ತಿತ್ತು. ಅವರಿಂದ ಏನೂ ತೆಗೆದುಕೊಳ್ಳದೆ ಪ್ರತಿವರ್ಷ ಯಾರದೋ ಮಗಳಿಗೆ ಇಡೀ ಬಟ್ಟೆ, ಸ್ವಂತ ಮಗಳಿಗೆ ತುಂಡು ಬಟ್ಟೆ. ಕಾರಣ ಕೇಳಿದರೆ, ಆ ವಯಸ್ಸಿನ ಹುಡುಗಿ ಹಾಕಿದರೆ ಸಮಾಧಾನ ಆಗ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇದು ಕಾರಣವೇ ಅಲ್ಲ ಎಂದು ನನಗೆ ಆ ವಯಸ್ಸಿನಲ್ಲೇ ಗೊತ್ತಾಗುತ್ತಿತ್ತು. ಹೆಚ್ಚು ವಾದಿಸಿದರೆ ಅಮ್ಮನ ಬಳಿ ಒಂದು ಉಪಾಯವಿತ್ತು. ಬಾ ಇಲ್ಲಿ, ಗುಂಡಿ ಸಡಿಲ ಆಗಿದೆ ಎಂದು ಹತ್ತಿರ ಎಳೆದು ನನ್ನ ಬಾಯಿಗೊಂದು ನೂಲು ಕೊಡುತ್ತಿದ್ದಳು. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು, ಹಾಗೆ ಹೊಲಿಯುವುದು ಹೆಣಕ್ಕೆ ಮಾತ್ರ. ಹೊಲಿಯಲೇಬೇಕಾದರೆ ತೊಟ್ಟವರು ಹಲ್ಲಿನಲ್ಲಿ ನೂಲು ಕಚ್ಚಿಕೊಳ್ಳಬೇಕು, ನಾನು ಬದುಕಿದ್ದೇನೆ ಎಂದು ತೋರಿಸಲಿಕ್ಕೆ. ಇದು ಅವಳ ನಿಯಮ. ಬಾಯಿಬಿಟ್ಟರೆ ನೂಲು ಬೀಳುತ್ತದೆ, ನೂಲು ಬಿದ್ದರೆ ಅಪಶಕುನ. ಗುಂಡಿ ಗಟ್ಟಿಯಾಗುವ ಹೊತ್ತಿಗೆ ನನ್ನ ವಾದ ಆರಿಹೋಗಿರುತ್ತಿತ್ತು.

ಮನೆಯಲ್ಲಿ ಮುಗಿಯದ ವಾದಗಳನ್ನು ನಾನು ಹೊರಗೆ ಒಯ್ದೆ. ಶಾಲೆಯ ಚರ್ಚಾಸ್ಪರ್ಧೆ, ಕನ್ನಡ ಸಂಘಗಳ ಚರ್ಚಾಸ್ಪರ್ಧೆ, ಕಾಲೇಜಿಗೆ ಬಂದಮೇಲೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಪರವೋ ವಿರೋಧವೋ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಯಾವುದು ಬಂದರೂ ನನಗೆ ನಡೆಯುತ್ತಿತ್ತು. ಆದರೆ ಮೂಢನಂಬಿಕೆಯ ವಿಷಯದಲ್ಲಿ ಮಾತ್ರ ನನಗೆ ಚೀಟಿ ಬೇಕಿರಲಿಲ್ಲ. ಮಂಗಳವಾರ ಬಟ್ಟೆ ಕತ್ತರಿಸಬಾರದು, ಸಂಜೆ ಸೂಜಿ ಕೊಡಬಾರದು, ಖಾಲಿ ಕತ್ತರಿ ಆಡಿಸಬಾರದು: ಮನೆಯಿಂದ ಉದಾಹರಣೆಗಳು ಧಾರಾಳವಾಗಿ ಸಿಗುತ್ತಿದ್ದವು. ಅಮ್ಮನ ಒಂದೊಂದು ನಿಯಮ ನನಗೊಂದು ಕಪ್ಪು ಗೆದ್ದುಕೊಡುತ್ತಿತ್ತು. ಮನೆಗೆ ತಂದ ಕಪ್ಪುಗಳನ್ನು ಅಮ್ಮ ತೊಳೆದೊರಸಿ, ಒಂದರಲ್ಲಿ ಹುಕ್ಕು, ಒಂದರಲ್ಲಿ ಗುಂಡಿ, ಒಂದರಲ್ಲಿ ಬಾಬಿನ್ ಹಾಕಿಟ್ಟಳು.

ನಾನು ಹದಿನೆಂಟು ದಾಟಿದ ಮಳೆಗಾಲದ ಒಂದು ಭಾನುವಾರ ಆ ನೆಂಟರು ಬಂದರು. ಬೆಳಿಗ್ಗೆಯೇ ಅಜ್ಜಿ ನೀರುದೋಸೆಗೆ ಅಕ್ಕಿ ರುಬ್ಬಿಸಿದ್ದಳು. ಅಪ್ಪ ರಜೆ ಹಾಕಿದ್ದರು. ಕೇಟರಿಂಗ್ ಮಾಡುವ, ಜೊತೆಗೆ ನಮ್ಮವರ ಸಂಬಂಧಗಳನ್ನೂ ಕುದುರಿಸುವ ಶೀನಣ್ಣ ಬರುತ್ತಾರಂತೆ, ಅವರ ಜೊತೆ ಕಾಮೋಠೆಯಿಂದ ಒಬ್ಬರು ಹೆಂಗಸು ಬರುತ್ತಾರಂತೆ. ಯಾಕೆ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಅಜ್ಜಿ ನನಗೆ ತಲೆ ಬಾಚಿಕೋ ಎಂದಳು. ನನಗೆ ಎಲ್ಲ ಅರ್ಥವಾಯಿತು. ಅಡುಗೆಮನೆಯಲ್ಲಿ ಚಹಾ ಕುದಿಯುವಷ್ಟರಲ್ಲಿ ನಾನು ಮಂಡನೆ ಸಿದ್ಧಮಾಡಿಕೊಂಡೆ. ಟ್ರೇ ತಂದು ಸ್ಟೂಲಿನ ಮೇಲಿಟ್ಟವಳು ಕೂರಲಿಲ್ಲ. ನಿಂತೇ ಶುರುಮಾಡಿದೆ. ಓದುತ್ತಿರುವ ಹುಡುಗಿಯ ಮದುವೆಯ ಮಾತೆತ್ತುವುದೇ ಅನ್ಯಾಯ, ಹುಡುಗಿಯನ್ನು ಕೇಳದೆ ಎತ್ತುವುದು ಇನ್ನೂ ದೊಡ್ಡ ಅನ್ಯಾಯ, ನನ್ನ ಒಪ್ಪಿಗೆ ಇಲ್ಲದೆ ಈ ಮನೆಯಲ್ಲಿ ಯಾವ ಸಂಬಂಧವೂ ಕೂಡುವುದಿಲ್ಲ ಎಂದು, ನ್ಯಾಯಾಧೀಶರ ಮುಂದೆ ಹೇಳುವ ಹಾಗೆ, ನೆಂಟರಿಬ್ಬರ ಕಣ್ಣಲ್ಲೂ ಕಣ್ಣಿಟ್ಟು ಹೇಳಿದೆ. ಕೈ ಬೀಸುವ ಭರದಲ್ಲಿ ಕುರ್ತಾದ ತೋಳು ಮೆಷಿನ್ನಿನ ಚಕ್ರಕ್ಕೆ ಸಿಕ್ಕಿ ಪರ್ರೆಂದು ಹರಿಯಿತು. ಅಪ್ಪ ನೆಲ ನೋಡುತ್ತಿದ್ದರು. ಶೀನಣ್ಣ ಕೆಮ್ಮಿದರು. ಅಮ್ಮ ಕೆಳಗೆ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಕಾಮೋಠೆಯ ಹೆಂಗಸು ಮಾತ್ರ ಕೊನೆಯ ತನಕ ಗಮನವಿಟ್ಟು ಕೇಳಿದರು.

“ಚಂದ ಮಾತಾಡ್ತೀ ಮಗಾ,” ಎಂದರು. “ಆದರೆ ನಾವು ಬಂದದ್ದು ನಿನಗಲ್ಲ. ನಿನ್ನ ಅಕ್ಕನಿಗೆ.”

“ನನಗೆ ಅಕ್ಕ ಇಲ್ಲ,” ಎಂದೆ.

ಯಾರಾದರೂ ಹೌದಲ್ಲ, ಇವಳಿಗೆ ಅಕ್ಕ ಇಲ್ಲವಲ್ಲ, ಮನೆ ತಪ್ಪಿ ಬಂದಿರಬೇಕು ಎನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಆ ಹೆಂಗಸು ಅಮ್ಮನ ಕಡೆ ತಿರುಗಿ, ನಿಮ್ಮ ಹುಡುಗಿಗೆ ಈಗ ಇಪ್ಪತ್ತಾಗಿರಬೇಕಲ್ಲ ಎಂದು ಕೇಳಿದರು.

“ಇಪ್ಪತ್ತು ಕಳೀತು,” ಎಂದಳು ಅಮ್ಮ. ಒಂದು ಕ್ಷಣವೂ ಯೋಚಿಸಲಿಲ್ಲ. “ಅಷ್ಟಮಿಯ ಮರುದಿನ ಹುಟ್ಟಿದ್ದು.”

“ನಮ್ಮ ದೊಡ್ಡವನಿಗೆ ಇಪ್ಪತ್ತಾರು ಆಗ್ತಿತ್ತು. ತೊಟ್ಟಿಲಲ್ಲೇ ಹೋದ.”

ಹುಡುಗ ಸತ್ತವನು. ಹಾಗಾದರೆ ಹುಡುಗಿ? ಉಡುಪಿ ಕಡೆಯ ನಮ್ಮಲ್ಲಿ ಹೀಗೊಂದು ಪದ್ಧತಿ ಉಂಟು ಎಂದು ಕೇಳಿದ್ದೆ, ವೇದಿಕೆಯ ಮೇಲೆ ನಗೆಯೆಬ್ಬಿಸಲಿಕ್ಕೆ ಒಮ್ಮೆ ಬಳಸಿಯೂ ಇದ್ದೆ. ಎಳೆಯದರಲ್ಲಿ ಸತ್ತ ಮಕ್ಕಳು ಆಚೆ ಲೋಕದಲ್ಲಿ ಬೆಳೆಯುತ್ತಾ ಇರುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಬೇಕು, ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಬೇಕು, ಇಲ್ಲದಿದ್ದರೆ ಬದುಕಿರುವ ತಮ್ಮಂದಿರ ತಂಗಿಯರ ದಾರಿಗೆ ಅಡ್ಡ ನಿಲ್ಲುತ್ತಾರೆ. ಆಟಿ ತಿಂಗಳಲ್ಲಿ, ಬದುಕಿದವರ ಮದುವೆಗಳಿಲ್ಲದಾಗ, ಇವರ ಮದುವೆ. ಕಾಮೋಠೆಯವರ ಎರಡನೆಯ ಮಗನಿಗೆ ಬಂದ ಸಂಬಂಧಗಳೆಲ್ಲ ತಪ್ಪುತ್ತಿದ್ದವಂತೆ, ಊರಲ್ಲಿ ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿದಾಗ ದೊಡ್ಡವನದು ಬಾಕಿ ಉಂಟು ಎಂದು ಕಂಡುಬಂತಂತೆ. ಇದನ್ನೆಲ್ಲ ಶೀನಣ್ಣ ಫ್ಲ್ಯಾಟಿನ ವಿಷಯ ಮಾತಾಡುವ ದನಿಯಲ್ಲೇ ವಿವರಿಸಿದರು. ನನ್ನನ್ನು ನಡುಗಿಸಿದ್ದು ಈ ಪದ್ಧತಿ ಅಲ್ಲ. ಈ ಒಂದೇ ಕೋಣೆಯಲ್ಲಿ, ಅಡಗಿಸಿಡಲು ಒಂದು ಡಬ್ಬಿಗೂ ಜಾಗವಿಲ್ಲದ ಕಡೆ, ಮೂವರು ಸೇರಿ ನನ್ನಿಂದ ಒಬ್ಬ ಹುಡುಗಿಯನ್ನೇ ಅಡಗಿಸಿಟ್ಟಿದ್ದರು.

ನೆಂಟರು ಹೋದಮೇಲೆ ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅಮ್ಮ ತೋಳು ಹರಿದಿದೆ ಬಾ ಎಂದು ಕರೆದು ಬಾಯಿಗೆ ನೂಲು ಕೊಟ್ಟಳು. ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ, ಹೊಲಿಯುತ್ತಾ ಹೇಳಿದಳು. ನನಗಿಂತ ಮೊದಲು ಊರಿನಲ್ಲಿ ಒಂದು ಮಗು ಹುಟ್ಟಿತ್ತು. ಹಾಲು ಕುಡಿಯುತ್ತಿದ್ದ ಮಗು, ಜ್ವರ ಬಂದು ಹೋಯಿತು. ಹೆಸರು ಸೌಮ್ಯ. ನಾನು ಹುಟ್ಟಿದಾಗ ಆ ಹೆಸರು ಈ ಮನೆಯಲ್ಲಿ ಎತ್ತಬಾರದು, ಇವಳಿಗೆ ನೆರಳು ತಾಗುತ್ತದೆ ಎಂದು ಅಜ್ಜಿ ಮಾತು ತೆಗೆದುಕೊಂಡಿದ್ದಳು. ಸೂಜಿ ಒಳಗೆ ಹೊರಗೆ ಆಡುತ್ತಿತ್ತು.

“ಹೆಸರು ಎತ್ತಬಾರದು ಅಂದ್ರು. ಬಟ್ಟೆ ಹೊಲೀಬಾರದು ಅಂತ ಯಾರೂ ಹೇಳ್ಲಿಲ್ಲ,” ಎಂದಳು. “ಅಕ್ಕ ತಂಗಿಯರಿಗೆ ಒಂದೇ ಥಾನಿನ ಬಟ್ಟೆ ತೆಗೆಯುವುದಲ್ವಾ? ಮೊದಲು ದೊಡ್ಡವಳದ್ದು, ಮತ್ತೆ ಸಣ್ಣವಳದ್ದು. ಅವಳದ್ದರಲ್ಲಿ ಉಳಿದ ತುಂಡು ನಿನ್ನ ಕಂಕುಳಿಗೆ ಆಗ್ತಿತ್ತು.”

ನೂಲು ನನ್ನ ಹಲ್ಲಲ್ಲೇ ಇತ್ತು. ರೂಪಾಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದುದು, ಅಮ್ಮ ಅವಳ ಭುಜದ ಮೇಲೆ ಟೇಪು ಇಟ್ಟು ಒಂದು ಗಳಿಗೆ ಹೆಚ್ಚೇ ಹಿಡಿಯುತ್ತಿದ್ದುದು, ಹೊಸ ಫ್ರಾಕು ಹಾಕಿದವಳನ್ನು ತಿರುಗು ತಿರುಗು ಎಂದು ತಿರುಗಿಸಿ ನೋಡುತ್ತಿದ್ದುದು ಎಲ್ಲ ಒಟ್ಟಿಗೆ ಎದುರು ಬಂದವು. ನಾನು ಅಷ್ಟು ವರ್ಷ ಹೊಟ್ಟೆಕಿಚ್ಚುಪಟ್ಟದ್ದು ರೂಪಾಲಿಯ ಮೇಲೆ ಅಲ್ಲವೇ ಅಲ್ಲ.

ಆ ದಿನದಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಕೊಟ್ಟುಬಿಡುವ ಎನ್ನುವುದು ಅಜ್ಜಿ. ಅಪ್ಪ ಅಜ್ಜಿಯ ಕಡೆ, ಆದರೆ ಅಮ್ಮ ಇಲ್ಲದಾಗ ಮಾತ್ರ. ಅಮ್ಮ ಕೊಡುವುದಿಲ್ಲ ಎಂದಳು. ನನಗೆ ಹೆಮ್ಮೆಯಾಯಿತು. ಇಷ್ಟು ವರ್ಷದ ನನ್ನ ಭಾಷಣಗಳು ಕೊನೆಗೂ ಮನೆಯೊಳಗೆ ನಾಟಿದವು ಎಂದುಕೊಂಡೆ. ಕಾಮೋಠೆಯವರು ಶೀನಣ್ಣನ ಕೈಯಲ್ಲಿ ಒಂದು ಧಾರೆ ಸೀರೆ, ಅದರ ರವಿಕೆ ಬಟ್ಟೆ, ಒಂದು ಹಿಡಿ ಬಳೆ ಕಳಿಸಿದ್ದರು. ಒಪ್ಪಿಗೆ ಇಲ್ಲದಿದ್ದರೆ ಆಟಿ ಮುಗಿಯುವುದರೊಳಗೆ ಹಿಂದೆ ಕೊಡಿ, ನಾವು ಬೇರೆ ಕಡೆ ನೋಡಬೇಕು ಎಂದು ಹೇಳಿಕಳಿಸಿದ್ದರು. ಆ ಗಂಟು ಮೆಷಿನ್ನಿನ ಮೇಲೆ ಕೂತಿತು. ಅಮ್ಮ ಅದನ್ನು ಬಿಚ್ಚಲೂ ಇಲ್ಲ, ತೆಗೆದು ಬೇರೆಡೆ ಇಡಲೂ ಇಲ್ಲ. ಮೆಷಿನ್ ಮುಟ್ಟದೆ ನೆಲದ ಮೇಲೆ ಕೂತು ಕೈಹೊಲಿಗೆಯನ್ನೇ ಮಾಡಿದಳು. ಹೊರಗೆ ಮಳೆ. ಒಣಗದ ಬಟ್ಟೆಗಳು ಫ್ಯಾನಿನ ಕೆಳಗೆ ತೂಗುತ್ತಿದ್ದವು. ಟ್ರೈನು ನಿಂತು ಅಪ್ಪ ಬೇಗ ಮನೆಗೆ ಬಂದಿದ್ದ ಒಂದು ಮಧ್ಯಾಹ್ನ ಊಟದ ತಟ್ಟೆಗಳ ಮುಂದೆಯೇ ಮಾತು ಎದ್ದಿತು. ಪ್ರಾಯಕ್ಕೆ ಬಂದವಳನ್ನು ಎಷ್ಟು ವರ್ಷ ಅಂತ ಕೂರಿಸಿಕೊಳ್ತಿ, ನಾಳೆ ಈ ಸಣ್ಣವಳ ದಾರಿಗೆ ಬಂದರೆ ಎಂದು ಅಜ್ಜಿ ಕೇಳಿದಳು. ಅಡ್ಡ ನಿಲ್ಲಲು ಅವಳಿಗೆ ಕಾಲಾದರೂ ಎಲ್ಲಿದೆ, ಸತ್ತವರು ಬೆಳೆಯುವುದಿಲ್ಲ, ಅಮ್ಮ ಹೇಳುವುದೇ ಸರಿ ಎಂದು ನಾನು ಅಮ್ಮನ ಪರ ನಿಂತೆ. ಅಮ್ಮ ಕೈಯ ತುತ್ತನ್ನು ತಟ್ಟೆಗೆ ಹಾಕಿದಳು.

“ನೀನು ನನ್ನ ಪರ ಮಾತಾಡ್ಬೇಡ,” ಎಂದಳು. “ಅವಳು ಇಲ್ಲ ಅಂತ ನಾನು ಕೊಡದೆ ಇರುವುದಲ್ಲ. ಇದ್ದಾಳೆ ಅಂತಲೇ ಕೊಡದಿರುವುದು.”

ನನಗೆ ಅದು ನೆಂಟರ ದಿನಕ್ಕಿಂತ ದೊಡ್ಡ ಆಘಾತ. ಅಜ್ಜಿ ನಂಬುತ್ತಿದ್ದಳು, ನಂಬಿದವಳು ಕಳಿಸಲಿಕ್ಕೆ ಸಿದ್ಧಳಿದ್ದಳು. ಅಮ್ಮ ಅವಳಿಗಿಂತ ಹೆಚ್ಚು ನಂಬಿದ್ದಳು, ಆದ್ದರಿಂದಲೇ ಕಳಿಸಲಾರದವಳಾಗಿದ್ದಳು. ಮದುವೆಯಾದರೆ ಹುಡುಗಿ ಕಾಮೋಠೆಯವರ ಮನೆಯವಳಾಗುತ್ತಾಳೆ. ಆಮೇಲೆ ಅವಳ ಸೀರೆ, ಅವಳ ಹಬ್ಬ, ಅವಳಿಗೆ ಬಡಿಸುವ ಎಲೆ ಎಲ್ಲ ಆ ಮನೆಯದು. ಚೌತಿಗೆ ಬಟ್ಟೆ ಹಾಸಿದರೆ ಮೊದಲು ಕತ್ತರಿಸಲು ಯಾರೂ ಇರುವುದಿಲ್ಲ. ಮೂಢನಂಬಿಕೆ ಎಂದು ನಾನು ವರ್ಷಗಟ್ಟಲೆ ಮೇಜು ಗುದ್ದಿ ಕರೆದದ್ದರ ಒಳಗೆ ಇಂಥದೊಂದು ಕೂತಿರಬಹುದು ಎಂದು ನನ್ನ ಯಾವ ಎದುರಾಳಿಯೂ ಹೇಳಿರಲಿಲ್ಲ. ಅಂದಿನಿಂದ ನಾನು ಮನೆಯಲ್ಲಿ ಆ ವಿಷಯ ಎತ್ತಲಿಲ್ಲ.

ಆಟಿ ಮುಗಿಯುತ್ತಾ ಬಂದಿತ್ತು. ಅಜ್ಜಿ ಮಲಗಿದ್ದ ಒಂದು ಮಧ್ಯಾಹ್ನ ಅಮ್ಮ ಮೆಷಿನ್ನಿನ ಪಕ್ಕದ ಹಲಗೆಯಿಂದ ಎರಡು ಕುರ್ತಾ ತೆಗೆದು ನನ್ನ ಮುಂದೆ ಇಟ್ಟಳು. ಒಂದರ ಬಟ್ಟೆ ನನ್ನ ಕಳೆದ ಚೌತಿಯದು, ಇನ್ನೊಂದರದು ಅದರ ಹಿಂದಿನದು. ಮಡಿಕೆ ಮುರಿದಿರಲಿಲ್ಲ. ರೂಪಾಲಿ ನರ್ಸಿಂಗ್ ಕಲಿಯಲಿಕ್ಕೆ ಠಾಣೆಯ ಹಾಸ್ಟೆಲಿಗೆ ಹೋದಮೇಲೆ ಹೊಲಿದವು ಇವು, ಹಾಕಲಿಕ್ಕೆ ಯಾರೂ ಸಿಗಲಿಲ್ಲ ಎಂದಳು. ಆಮೇಲೆ ಬಾಬಿನ್ ತುಂಬಿದ ನನ್ನ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದಳು:

“ನೀನು ಚೀಟಿಯಲ್ಲಿ ಬಂದ ಕಡೆ ಮಾತಾಡ್ತಿಯಲ್ಲ, ನಂಬಿಕೆ ಇಲ್ಲದಿದ್ದರೂ. ಅವಳನ್ನು ಕೊಡ್ಬೇಕು ಅಂತ ಮಾತಾಡು ನೋಡುವ.”

“ಅಮ್ಮ, ಇದು ಸ್ಪರ್ಧೆ ಅಲ್ಲ.”

“ಅಜ್ಜಿ ಹೇಳಿದ್ರೆ ಹೆದರಿಸಿದ ಹಾಗೆ ಆಗ್ತದೆ. ನಿಮ್ಮ ಅಪ್ಪ ಹೇಳುವುದೇ ಇಲ್ಲ. ನೀನು ಹೇಳು.”

ಅಷ್ಟು ಚಿಕ್ಕ ಸಭೆಯಲ್ಲಿ ನಾನು ಮಾತಾಡಿದ್ದಿಲ್ಲ, ಅಷ್ಟು ಹೆದರಿದ್ದೂ ಇಲ್ಲ. ಸತ್ತವರಿಲ್ಲ ಎನ್ನುವ ನನ್ನ ಆಯುಧ ಅಲ್ಲಿ ನಡೆಯುತ್ತಿರಲಿಲ್ಲ. ಅವಳ ಮಾತಿನ ಒಳಗೇ ನಿಂತು ವಾದಿಸಬೇಕಿತ್ತು. ಬೆಳೆದಿದ್ದಾಳೆ ಅಂತ ನೀನೇ ಹೇಳುತ್ತಿ, ಎಂದೆ. ಪ್ರತಿವರ್ಷ ಅಳತೆ ಹೆಚ್ಚಿಸಿದವಳು ನೀನು, ನಾನಲ್ಲ. ಬೆಳೆಯುವುದನ್ನು ಒಪ್ಪಿ, ಬೆಳೆದದ್ದರ ಪರಿಣಾಮವನ್ನು ಒಪ್ಪದಿರಲು ಬರುವುದಿಲ್ಲ. ಫ್ರಾಕು ಹಾಕುವ ಹುಡುಗಿ ಮನೆಯಲ್ಲಿ ಇರುತ್ತಾಳೆ. ಈ ಕುರ್ತಾದ ಅಳತೆಯ ಹುಡುಗಿ ಎಲ್ಲಿ ಇರುತ್ತಾಳೆ? ರೂಪಾಲಿ ಇದ್ದಳಾ?

“ಇಪ್ಪತ್ತು ಕಳೆದ ಹುಡುಗಿ ಈ ಒಂದು ಕೋಣೆಯಲ್ಲಿ ನಿನ್ನ ಮೆಷಿನ್ ಸದ್ದು ಕೇಳ್ತಾ ಕೂತಿರ್ತಾಳಾ? ನಾನಾದ್ರೆ ಕೂರುವುದಿಲ್ಲ.”

“ನೀನು ಕೂರುವುದಿಲ್ಲ,” ಎಂದಳು ಅಮ್ಮ.

“ಇಲ್ಲ.”

ಹೇಳಿ ಮುಗಿದಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಅಮ್ಮ ಕೊರಳಿಗೆ ಟೇಪು ಹಾಕಿಕೊಂಡು, ಎದ್ದು ಗೋಡೆಗೆ ನಿಲ್ಲು ಎಂದಳು. ಧಾರೆ ಸೀರೆಯ ಗಂಟು ಬಿಚ್ಚಿದಳು. ಸತ್ತವಳ ಮದುವೆಯ ರವಿಕೆಗೆ ಅಳತೆ ಕೊಡುತ್ತಾ ನಿಂತಿದ್ದೇನೆ, ಇದನ್ನು ಕಾಲೇಜಿನಲ್ಲಿ ಯಾರಿಗೂ ಹೇಳಲಾರೆ ಎಂದು ಯೋಚಿಸುತ್ತಿದ್ದೆ. ಅವಳಿಗೆ ಎಷ್ಟು ಹೆಚ್ಚು ಇಡ್ತಿ ಎಂದು ಕೇಳಿದೆ. ಈಗ ಎಂತ ಹೆಚ್ಚು, ಈ ಪ್ರಾಯದಲ್ಲಿ ಅಕ್ಕ ತಂಗಿ ಒಂದೇ ಅಳತೆ ಎಂದಳು. ಹೊಲಿದು ಮುಗಿಸಿ ನನಗೇ ಹಾಕಿ ನೋಡಿದಳು. ಇಡೀ ಬಟ್ಟೆಯ ರವಿಕೆ, ಕಂಕುಳಡಿಯಲ್ಲಿ ತುಂಡಿಲ್ಲ. ಕೈ ಎತ್ತು ಎಂದಳು, ಎತ್ತಿದರೆ ಬಿಗಿಯಿತು. ಎದ್ದು ಕೂತಿದ್ದ ಅಜ್ಜಿ ಅದನ್ನು ನೋಡಿ, ಮದುಮಗಳಿಗೆ ಕೈ ಎತ್ತುವುದು ಎಂತಕ್ಕೆ ಎಂದಳು. ನಾನು ಅಜ್ಜಿಗೆ ಉತ್ತರ ಕೊಡಲಿಕ್ಕೆ ಬಾಯಿ ತೆರೆದೆ. ಅಮ್ಮ ನಗುತ್ತಿದ್ದಳು, ಆ ಮಳೆಗಾಲದಲ್ಲಿ ಮೊದಲ ಸಲ. ನಾನು ಬಾಯಿ ಮುಚ್ಚಿದೆ.

ಮದುವೆ ಕಾಮೋಠೆಯಲ್ಲಿ ಅವರ ಮನೆಯಲ್ಲೇ ಆಯಿತು. ನನ್ನನ್ನು ಕರೆದೊಯ್ಯಲಿಲ್ಲ. ಮದುವೆಯಾಗದವರು ಅದನ್ನು ನೋಡಬಾರದಂತೆ. ಇದರ ಹಿಂದಿನ ತರ್ಕವೇನು ಎಂದು ಹೊಸ್ತಿಲಲ್ಲಿ ಅಡ್ಡ ನಿಂತು ಕೇಳಿದೆ, ವಾದ ಗೆದ್ದವಳು ನಾನು, ಅಳತೆ ನನ್ನದು, ತಂಗಿ ಎಂದು ಇರುವವಳು ನಾನೊಬ್ಬಳೇ. ಅಪ್ಪ ಚಪ್ಪಲಿ ಮೆಟ್ಟುತ್ತಾ, ಎಲ್ಲದಕ್ಕೂ ತರ್ಕ ಇರ್ತದಾ ಮಗಾ ಎಂದರು. ಮೂವರೂ ಛತ್ರಿ ಬಿಡಿಸಿಕೊಂಡು ರಿಕ್ಷಾ ಹತ್ತಿದರು. ರವಿಕೆ ಅಮ್ಮನ ಮಡಿಲಲ್ಲಿತ್ತು. ಮನೆಯಲ್ಲಿ ನಾನು ಒಬ್ಬಳೇ ಉಳಿದೆ. ನನಗೆ ಅಕ್ಕ ಇದ್ದಾಳೆ ಎಂದು ಗೊತ್ತಾಗಿ ತಿಂಗಳೂ ತುಂಬಿರಲಿಲ್ಲ, ಅವಳು ಗಂಡನ ಮನೆಗೆ ಹೋದಳು. ಹಿಂದೆ ಬಂದಾಗ ಅಮ್ಮ ನನಗೆಂದು ಡಬ್ಬಿಯಲ್ಲಿ ಮದುವೆಯ ಪಾಯಸ ತಂದಿದ್ದಳು. ಎರಡು ಕುರ್ಚಿಗೆ ಸೀರೆ ಪಂಚೆ ಉಡಿಸಿದ್ದರು, ಕಾಮೋಠೆಯವರು ಹೆಣ್ಣಿನ ಕುರ್ಚಿಯನ್ನು ಫ್ಯಾನಿನ ಕೆಳಗೇ ಇಟ್ಟಿದ್ದರು, ಒಳ್ಳೆಯ ಜನ, ಎಂದಳು. ಪಾಯಸ ಸಿಹಿಯಾಗಿತ್ತು. ನಾನು ಅದನ್ನು ಪೂರ್ತಿ ತಿಂದೆ.

ಆ ಚೌತಿಗೆ ಅಮ್ಮ ಒಬ್ಬಳಿಗಾಗುವಷ್ಟೇ ಬಟ್ಟೆ ತಂದಳು. ಹಾಸಿ, ಎಲ್ಲಿಂದ ಶುರುಮಾಡುವುದೆಂದು ತಿಳಿಯದವಳ ಹಾಗೆ ಕತ್ತರಿ ಹಿಡಿದು ಕೂತಳು. ಕುರ್ತಾ ಬಂತು. ಹೂವೆಲ್ಲ ನೆಟ್ಟಗೆ ನಿಂತಿದ್ದವು, ಎಲ್ಲೂ ತುಂಡಿಲ್ಲ. ಅದನ್ನು ಹಾಕಿಕೊಂಡು ಕಾಲೇಜಿನ ಸ್ಪರ್ಧೆಗೆ ಹೋದೆ. ವೇದಿಕೆಯ ಮೇಲೆ ಎದುರಾಳಿಯ ಕಡೆ ಕೈ ಎತ್ತಿದ್ದೇ ಕಂಕುಳಡಿಯಲ್ಲಿ ಹೊಲಿಗೆ ಹಿಡಿದೆಳೆದು ಟಪ್ಪೆಂದು ಬಿಟ್ಟಿತು. ಅಷ್ಟು ವರ್ಷ ನಾನು ನಾಚಿಕೊಂಡ ಆ ತುಂಡೇ ನನಗೆ ಕೈ ಎತ್ತಲು ಜಾಗ ಕೊಡುತ್ತಿತ್ತು. ಉಳಿದ ಮಾತನ್ನು ಕೈ ಕೆಳಗಿಟ್ಟೇ ಮುಗಿಸಿದೆ. ಮನೆಗೆ ಬಂದು, ಅಮ್ಮ, ಇದಕ್ಕೆ ತುಂಡು ಹಾಕು ಎಂದೆ.

“ಬಟ್ಟೆ ಉಳಿದಿಲ್ಲ,” ಎಂದಳು.

ಆಮೇಲೆ ಹಲಗೆಗೆ ಕೈ ಹಾಕಿ, ಯಾರೂ ಹಾಕದ ಆ ಎರಡು ಕುರ್ತಾಗಳಲ್ಲಿ ಮೇಲಿನದನ್ನು ಎಳೆದಳು. ಬೇಡ ಎಂದು ನಾನು ಕೈ ಚಾಚುವಷ್ಟರಲ್ಲಿ ಅದರ ಬೆನ್ನಿಗೆ ಕತ್ತರಿ ಹಾಕಿಯಾಗಿತ್ತು. ಅಂಗೈಯಗಲದ ಎರಡು ತುಂಡು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಣ್ಣ ಬೇರೆ, ಹೂ ಬೇರೆ. ಮೈಮೇಲಿನ ಕುರ್ತಾ ಕಳಚಿ ಕೊಡಲೇ ಎಂದು ಕೇಳಿದೆ. ಹಾಗೇ ಇರಲಿ, ಕೈ ಎತ್ತಿ ನಿಲ್ಲು ಎಂದಳು, ನೂಲು ಹರಿದು ನನ್ನ ಬಾಯಿಯ ಹತ್ತಿರ ಹಿಡಿದಳು.

ಈಗ ಸೀವುಡ್ಸ್‌ನ ನನ್ನ ಮನೆಯಲ್ಲಿ ಯಾರಾದರೂ ನೂಲು ಕಚ್ಚುವ ಈ ನಿಯಮ ಹೇಳಿದರೆ ನಾನು ಒಪ್ಪುವುದಿಲ್ಲ, ಯಾಕೆ ಒಪ್ಪುವುದಿಲ್ಲ ಎನ್ನುವುದಕ್ಕೆ ಕಾರಣಗಳನ್ನೂ ಕೊಡುತ್ತೇನೆ. ಆ ಸಂಜೆ ಮಾತ್ರ ನಾನು ಕಿಟಕಿಯ ಬಳಿ ಕೈ ಮೇಲೆತ್ತಿ, ಹಲ್ಲಲ್ಲಿ ನೂಲು ಕಚ್ಚಿಕೊಂಡು ನಿಂತಿದ್ದೆ.